ಮನಿ ಮ್ಯಾಲ ತಗಡ ಹಾಕಸೂದು ಚಲೋನೋ, ಬ್ಯಾಡೋ?

ಮಾರ್ಚ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ, ಗದಗ-ಹಾವೇರಿ ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಒಬ್ಬರ ಮನೆಯ ಹಂಚು ಮಂಗಗಳ ಓಡಾಟಕ್ಕೆ ಒಡೆದಿರುತ್ತವೆ. ಇನ್ನೊಬ್ಬರು ಹೋದ ಮಳೆಗಾಲವನ್ನೆಲ್ಲ ಸೋರುವ ಮಾಳಿಗೆಯ ಕೆಳಗೆ ಬುಟ್ಟಿ-ಬಕೆಟ್ ಇಟ್ಟು ಕಳೆದಿರುತ್ತಾರೆ. ಮತ್ತೊಬ್ಬರ ಸ್ಲ್ಯಾಬಿನಲ್ಲಿ ತೇವ ಇಳಿದಿರುತ್ತದೆ. ಮೂವರೂ ಕೇಳುವುದು ಒಂದೇ: "ತಗಡು ಹಾಕಿಸಿಬಿಡೂಣೇನ್ರಿ?" ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಈಗ ಮನೆಯ ಮೇಲೆ ಏನಿದೆ ಎಂದು ಮೊದಲು ಕೇಳಿ, ಆಮೇಲೆ ಹೌದೋ ಅಲ್ಲವೋ ಹೇಳುತ್ತೇನೆ.

ಮಂಗಳೂರು ಹಂಚಿನ ಮನೆಯಾದರೆ ಧೈರ್ಯವಾಗಿ ಹಾಕಿಸಿ. 30x20 ಅಡಿಯ ಮನೆ ತೆಗೆದುಕೊಳ್ಳಿ. ಚದರ ಮೀಟರಿಗೆ 15 ಹಂಚು, ಒಂದಕ್ಕೆ ಎರಡೂವರೆ ಕೆಜಿ ಹಿಡಿದರೆ ಚಾವಣಿಗೆ ಸಾವಿರಕ್ಕೂ ಹೆಚ್ಚು ಹಂಚು, ಎರಡೂವರೆ ಟನ್ನಿಗೂ ಮೀರಿದ ಭಾರ. ಅದೇ ಮನೆಗೆ 0.50 ಮಿ.ಮೀ. ತಗಡು ಎಲ್ಲ ಸೇರಿ 330-340 ಕೆಜಿ ಆಗುತ್ತದೆ. ಹಳೆಯ ತೊಲೆ-ಜಂತಿಗಳ ಮೇಲಿನ ಹೊರೆ ಇಳಿಯುತ್ತದೆ, ವರ್ಷವರ್ಷ ಹಂಚು ಕೈಯಾಡಿಸುವ ಕೆಲಸ ತಪ್ಪುತ್ತದೆ. ಆದರೆ ಭಾರ ಇಳಿದ ಕಡೆ ಗಾಳಿಯ ಭಯ ಶುರುವಾಗುತ್ತದೆ. ಅದರ ಲೆಕ್ಕ ಮುಂದೆ ಹೇಳುತ್ತೇನೆ.

ಮಣ್ಣಿನ ಮಾಳಿಗೆ ಮನೆಯ ವಿಷಯ ಬೇರೆ. ಗದಗ, ರೋಣ, ನರಗುಂದ, ನವಲಗುಂದದ ಕಡೆ ಇಂಥ ಮನೆಗಳು ಇನ್ನೂ ಬೇಕಾದಷ್ಟಿವೆ. ಅವರು ಮಾಡುವ ದೊಡ್ಡ ತಪ್ಪೆಂದರೆ ಮಣ್ಣನ್ನೆಲ್ಲ ಕೆಳಗಿಳಿಸಿ ಅದೇ ಗೋಡೆಯ ಮೇಲೆ ತಗಡು ಕೂರಿಸುವುದು. ಒಂದಡಿ ದಪ್ಪದ ಮಣ್ಣು ಚದರ ಅಡಿಗೆ ಹತ್ತಿರ ಹತ್ತಿರ 50 ಕೆಜಿ ತೂಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಯನ್ನು ಒತ್ತಿ ಹಿಡಿದಿದ್ದು ಅದೇ ಭಾರ. ತಗಡು, ಪೈಪು ಎಲ್ಲ ಸೇರಿದರೂ ಚದರ ಅಡಿಗೆ ಒಂದೂವರೆ ಕೆಜಿ ದಾಟುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಅದೇ ಚದರ ಅಡಿಯನ್ನು ನಾಲ್ಕು ಕೆಜಿಗೂ ಹೆಚ್ಚು ಬಲದಿಂದ ಮೇಲಕ್ಕೆ ಎಳೆಯಬಲ್ಲದು. ಅಂಚು, ಮೂಲೆಗಳಲ್ಲಿ ಎಳೆತ ಇನ್ನೂ ಜಾಸ್ತಿ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಬಿರುಗಾಳಿಗೆ ತಗಡಿನ ಜೊತೆ ಗೋಡೆಯ ಮೇಲಿನ ಎರಡು ಸಾಲು ಕಲ್ಲೂ ಕಿತ್ತು ಬೀಳುವುದು ಹೀಗೆ.

ತೊಲೆ, ಜಂತಿ ಗಟ್ಟಿಯಿದ್ದರೆ ನನ್ನ ಸಲಹೆ: ಮಣ್ಣು ಇದ್ದಲ್ಲೇ ಇರಲಿ, ಅದರ ಮೇಲೆ ಮೂರಡಿ ಎತ್ತರದಲ್ಲಿ ತಗಡಿನ ಕೊಡೆ ಹಿಡಿಯಿರಿ. ಮಳೆ ತಗಡಿನ ಮೇಲೆ ಹರಿದುಹೋಗುತ್ತದೆ, ಬಿಸಿಲನ್ನು ಮಣ್ಣು ತಡೆಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಗೆ ಇದಕ್ಕಿಂತ ತಂಪಾದ ಜೋಡಿ ಸಿಗುವುದು ಕಷ್ಟ. ಕಂಬಗಳನ್ನು ಮಾತ್ರ ಹಳೆಯ ಗೋಡೆಯ ಮೇಲೆ ನಿಲ್ಲಿಸಬೇಡಿ. ಗೋಡೆಯ ಹೊರಗೆ ಅವಕ್ಕೇ ಬೇರೆ ಪಾಯ ಹಾಕಿಸಿ. ಎರೆ ಮಣ್ಣಾದರೆ ಅದನ್ನು ದಾಟಿ ಗರಸು ಸಿಗುವವರೆಗೆ ತೋಡಬೇಕು. ಎರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಎರಡಡಿ ಗುಂಡಿಯಲ್ಲಿ ನಿಂತ ಕಂಬ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಆಗ ಸ್ಕ್ರೂ ತೂತುಗಳು ಉದ್ದಕ್ಕೆ ಹರಿದು ಸೋರತೊಡಗುತ್ತವೆ. ಜನ ತಗಡನ್ನು ಬೈಯುತ್ತಾರೆ, ತಪ್ಪು ಪಾಯದ್ದು.

ಮಣ್ಣು ಇಳಿಸಲೇಬೇಕಾದರೆ ಗೋಡೆಯ ತಲೆಯ ಮೇಲೆ ಸುತ್ತಲೂ ಆರು ಇಂಚಿನ ಕಾಂಕ್ರೀಟ್ ಬೆಲ್ಟ್ ಹಾಕಿಸಿ, 10 ಎಂ.ಎಂ.ನ ನಾಲ್ಕು ಸರಳು ಕೊಡಿ. ಆ ಬೆಲ್ಟಿನಿಂದ ಗೋಡೆಯೊಳಕ್ಕೆ ಮೂರಡಿ ಇಳಿಯುವಂತೆ ಮೂಲೆಗಳಲ್ಲೂ ಪ್ರತಿ ಟ್ರಸ್ (ತಗಡು ಹೊರುವ ತ್ರಿಕೋನ ಚೌಕಟ್ಟು) ಕೂರುವ ಜಾಗದಲ್ಲೂ ಸರಳು ಬಿಡಿಸಿ, ಕಾಂಕ್ರೀಟ್ ತುಂಬಿಸಿ. ಟ್ರಸ್ಸಿನ ಬೋಲ್ಟುಗಳನ್ನು ಬೆಲ್ಟ್ ಹಾಕುವಾಗಲೇ ಹುಗಿಯಬೇಕು. ತಗಡಿನ ಮೇಲೆ ಕಲ್ಲು ಹೇರಿ ಇಡುವುದನ್ನು ಊರೂರಲ್ಲಿ ಕಾಣುತ್ತೀರಿ. ದಯವಿಟ್ಟು ಬೇಡ. ಗಾಳಿಗೆ ತಗಡು ಎದ್ದಾಗ ಆ ಕಲ್ಲು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು.

ಸೋರುವ ಸ್ಲ್ಯಾಬಿನ ಮೇಲಾದರೆ ತಗಡು ಒಳ್ಳೆಯ ಪರಿಹಾರವೇ. ಕಂಬಗಳು ಕೆಳಗಿನ ಪಿಲ್ಲರ್ ಅಥವಾ ಬೀಮಿನ ನೇರಕ್ಕೆ ಬರಲಿ, ಸ್ಲ್ಯಾಬಿನ ನಡುವೆ ಬೇಡ. ಎಂಟಿಂಚು ಚೌಕದ, 8 ಎಂ.ಎಂ. ದಪ್ಪದ ಪ್ಲೇಟು, ಅದಕ್ಕೆ 12 ಎಂ.ಎಂ.ನ ನಾಲ್ಕು ಆಂಕರ್ ಬೋಲ್ಟು ಬೇಕು. ನಾಲ್ಕೂ ಕಡೆ ತೆರೆದ ಚಾವಣಿಗೆ ಗಾಳಿ ಕೆಳಗಿನಿಂದಲೂ ನೂಕುತ್ತದೆ, ಹಾಗಾಗಿ ಎರಡೇ ಬೋಲ್ಟಿನಲ್ಲಿ ಮುಗಿಸುವವರನ್ನು ತಡೆಯಿರಿ. ಇನ್ನೊಂದು ಮಹಡಿ ಕಟ್ಟುವ ಯೋಚನೆ ಎರಡು-ಮೂರು ವರ್ಷದಲ್ಲಿದ್ದರೆ ತಗಡಿಗೆ ದುಡ್ಡು ಹಾಕದೆ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಕಾಯುವುದು ಒಳ್ಳೆಯದು. ಮನೆಯವರನ್ನೂ ಒಂದು ಮಾತು ಕೇಳಿ. ಸಂಡಿಗೆ, ಕಾಳು, ಬ್ಯಾಡಗಿ ಕಡೆಯಾದರೆ ಮೆಣಸಿನಕಾಯಿ ಒಣಗಿಸುವ ಜಾಗ ಹೋಗುತ್ತದೆ. ಅರ್ಧ ಬಿಸಿಲಿಗೆ ಬಿಟ್ಟು ಅರ್ಧ ಮುಚ್ಚಿಸಿದವರು ಆಮೇಲೆ ನೊಂದುಕೊಳ್ಳುವುದಿಲ್ಲ.

ಬರಿಯ ತಗಡಿನ ಕೆಳಗೆ ನೇರ ಮಲಗುವ ಕೋಣೆ ಮಾಡುವವರಿಗೆ ಮಾತ್ರ ನಾನು ಬೇಡವೆನ್ನುತ್ತೇನೆ. ಏಪ್ರಿಲ್ ಮಧ್ಯಾಹ್ನ ಗಾಢ ಬಣ್ಣದ ತಗಡು 60 ಡಿಗ್ರಿ ದಾಟುತ್ತದೆ, ಅದರ ಝಳ ನೇರವಾಗಿ ತಲೆಯ ಮೇಲೆ ಇಳಿಯುತ್ತದೆ. ಹಾಕಲೇಬೇಕಾದರೆ ತಿಳಿ ಬಣ್ಣ ಆರಿಸಿ, ಕೆಳಗೆ ಸೀಲಿಂಗ್ ಕೊಡಿ, ನಡುವಿನ ಬಿಸಿ ಗಾಳಿ ಹೊರಹೋಗಲು ಗೋಡೆಯ ತಲೆಯಲ್ಲಿ ಜಾಲರಿ ಬಿಡಿ. ಬೆಳ್ಳಿ ಹಾಳೆಯ ಇನ್ಸುಲೇಷನ್ ಹಾಕಿಸುವಾಗ ಹೊಳೆಯುವ ಮುಖ ಕೆಳಗಿರಲಿ. ಆ ಮುಖಕ್ಕೂ ಸೀಲಿಂಗಿಗೂ ಒಂದಿಂಚಾದರೂ ಖಾಲಿ ಜಾಗ ಇರಲೇಬೇಕು, ಅಂಟಿಕೊಂಡರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕೈಯಲ್ಲಿ ದುಡ್ಡಿದ್ದರೆ 50 ಎಂ.ಎಂ. ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಎಲ್ಲಕ್ಕಿಂತ ಮೇಲು. ಸೆಕೆಯ ಜೊತೆಗೆ ಮಳೆಯ ಸದ್ದನ್ನೂ ಅದು ತಗ್ಗಿಸುತ್ತದೆ.

ಇನ್ನು ತಗಡು ಕೊಳ್ಳುವ ಮಾತು. ಗ್ಯಾಲ್ವಲ್ಯೂಮ್ ಎಂದರೆ ಉಕ್ಕಿನ ಹಾಳೆಗೆ ಶೇ. 55 ಅಲ್ಯೂಮಿನಿಯಂ, ಸುಮಾರು ಶೇ. 43 ಸತು, ಉಳಿದದ್ದು ಸಿಲಿಕಾನ್ ಸೇರಿದ ಲೇಪ. ಎಝಡ್ (AZ) 150 ಎಂದು ಬರೆದಿದ್ದರೆ ಎರಡೂ ಮುಖ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪ ಎಂದರ್ಥ. ಮನೆಗೆ ಅದಕ್ಕಿಂತ ಕಡಿಮೆ ಬೇಡ. ಅಂಗಡಿಯಲ್ಲಿ ಹೇಳುವ 0.50 ಲೇಪ, ಬಣ್ಣ ಸೇರಿದ ದಪ್ಪವೋ, ಬರಿಯ ಉಕ್ಕಿನ ದಪ್ಪವೋ ಎಂದು ಬಿಡಿಸಿ ಕೇಳಿ. ಅನುಮಾನ ಬಂದರೆ ತೂಕಕ್ಕೆ ಹಾಕಿಸಿ: ಮೂರೂವರೆ ಅಡಿ ಅಗಲ, 12 ಅಡಿ ಉದ್ದದ 0.50ರ ತಗಡು 16-17 ಕೆಜಿ ತೂಗಬೇಕು. 13-14 ಬಂದರೆ ಅದು 0.40. ಕೋತಿ ಹಾರುವ ಊರಿನಲ್ಲಿ ತೆಳು ತಗಡು ಒಂದೇ ವರ್ಷದಲ್ಲಿ ತಗ್ಗು ಬೀಳುತ್ತದೆ. ದನದ ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಅದರ ಮೇಲೆ ಗ್ಯಾಲ್ವಲ್ಯೂಮ್ ಹಾಕಬೇಡಿ. ಸಗಣಿ-ಗಂಜಲದ ಅಮೋನಿಯಾ ಆ ಲೇಪವನ್ನು ಕೆಳಗಿನಿಂದ ತಿನ್ನುತ್ತದೆ.

ಅದೇ 30x20ರ ಮನೆಯ ಲೆಕ್ಕ ಹೇಳುತ್ತೇನೆ, ನಿಮ್ಮ ಮನೆಗೆ ಇದರ ಮೇಲೆ ಕೂಡಿಸಿ ಕಳೆದುಕೊಳ್ಳಿ. ಎರಡು ಕಡೆ ಇಳಿಜಾರು, ಅಡಿಗೆ ಮೂರಿಂಚು ಇಳಿತ, ಸೂರು ಒಂದೂವರೆ ಅಡಿ ಮುಂದೆ, ತುದಿಗಳಲ್ಲಿ ಒಂದೊಂದು ಅಡಿ. ಒಂದು ಕಡೆಗೆ 12 ಅಡಿಯ ತಗಡು ಹತ್ತು, ಎರಡೂ ಸೇರಿ ಇಪ್ಪತ್ತು. ತಗಡಿನ ಅಗಲ ಮೂರೂವರೆ ಅಡಿಯಾದರೂ ಒಂದರ ಮೇಲೊಂದು ಏರಿದ ಮೇಲೆ ಮುಚ್ಚುವುದು ಮೂರಡಿ ಮೂರಿಂಚು ಮಾತ್ರ. ಏಳೂವರೆ ಅಡಿಗೊಂದರಂತೆ ಐದು ಟ್ರಸ್. ಅದರ ಮೇಲೆ 60x40 ಎಂ.ಎಂ.ನ, 2 ಎಂ.ಎಂ. ದಪ್ಪದ ಪೈಪಿನ ಪರ್ಲಿನ್ (ತಗಡು ಕೂರುವ ಅಡ್ಡ ಪೈಪು) ಒಂದೊಂದು ಕಡೆಗೆ ನಾಲ್ಕು ಸಾಲು, ಒಟ್ಟು 256 ಅಡಿ. ಸೂರಿನ ಸಾಲಿಗೂ ರಿಜ್ಜಿನ (ಚಾವಣಿಯ ನೆತ್ತಿಯ) ಸಾಲಿಗೂ ತಗಡಿಗೆ ಐದೈದು ಸ್ಕ್ರೂ, ನಡುವಿನ ಸಾಲುಗಳಿಗೆ ಮೂರು-ನಾಲ್ಕು, ತಗಡು-ತಗಡು ಕೂಡುವಲ್ಲಿ ಎರಡಡಿಗೊಂದು ಚಿಕ್ಕ ಸ್ಕ್ರೂ. ರಿಜ್ ಕ್ಯಾಪಿನದನ್ನೂ ಹಿಡಿದು 550 ತನ್ನಿ. ಸ್ಕ್ರೂ ಉಳಿಸುವುದರಲ್ಲಿ ಏನೂ ಉಳಿಯುವುದಿಲ್ಲ.

ಸೋರಿಕೆ ಹುಟ್ಟುವುದು ಹೆಚ್ಚಾಗಿ ಈ ಸ್ಕ್ರೂಗಳಲ್ಲೇ. ಚಾವಣಿಗೆ ಸ್ಕ್ರೂ ತಗಡಿನ ಉಬ್ಬಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಿ ಬೇಡ. ಉಬ್ಬಿಗೆ 55 ಎಂ.ಎಂ. ಉದ್ದದ್ದು ಸರಿಹೋಗುತ್ತದೆ. ರಬ್ಬರ್ ವಾಷರ್ ಸ್ವಲ್ಪ ಹಿಗ್ಗಿ ಕೂತರೆ ಸಾಕು. ಮಷಿನ್ ಹಿಡಿದು ಜೋರಾಗಿ ಬಿಗಿದರೆ ರಬ್ಬರು ಹೊರಗೆ ಚೆಲ್ಲಿ ಎರಡು ಬೇಸಿಗೆಯಲ್ಲಿ ಸೀಳುತ್ತದೆ, ಉಬ್ಬೂ ಕುಸಿದು ನೀರು ನಿಲ್ಲುತ್ತದೆ. ಎರಡನೆಯ ಶತ್ರು ಗ್ರೈಂಡರ್. ಅದರಲ್ಲಿ ತಗಡು ಕೊಯ್ದರೆ ಕಿಡಿಗಳು ಬಣ್ಣ, ಲೇಪ ಎರಡನ್ನೂ ಸುಡುತ್ತವೆ, ಉದುರಿದ ಕಬ್ಬಿಣದ ಪುಡಿ ಮೊದಲ ಮಳೆಗೇ ತುಕ್ಕಿನ ಚುಕ್ಕೆಯಾಗುತ್ತದೆ. ತಗಡು ಕೊಯ್ಯುವ ಕತ್ತರಿಯಲ್ಲಿ ಕೊಯ್ಯಿಸಿ, ತೂತು ಹಾಕಿದ ಪುಡಿಯನ್ನು ಅದೇ ಸಂಜೆ ಗುಡಿಸಿಸಿ. ವೆಲ್ಡಿಂಗ್ ಕೆಲಸವೆಲ್ಲ ಮುಗಿದು, ಜೋಡಣೆಗಳಿಗೆ ರೆಡ್ ಆಕ್ಸೈಡ್ ಬಳಿದ ಮೇಲೆಯೇ ತಗಡು ಮೇಲೇರಲಿ.

ನಮ್ಮ ಮುಂಗಾರಿನ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ. ರಿಜ್ ಪೂರ್ವ-ಪಶ್ಚಿಮವಿದ್ದರೆ ತಗಡನ್ನು ಪೂರ್ವದ ತುದಿಯಿಂದ ಹಾಕುತ್ತ ಬರಬೇಕು, ಆಗ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಮಾಡುತ್ತದೆ. ತಿರುಗಾಮುರುಗಾ ಹಾಕಿದರೆ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಪಕ್ಕದ ಗೋಡೆ ಎತ್ತರವಿದ್ದರೆ ತಗಡನ್ನು ಅದರೊಳಗೆ ತೂರಿಸಿ ಸಿಮೆಂಟ್ ಮೆತ್ತಬೇಡಿ, ಹಸಿ ಸಿಮೆಂಟಿನ ಸುಣ್ಣ ಲೇಪವನ್ನು ತಿಂದು ಅಲ್ಲೇ ತೂತಾಗುತ್ತದೆ. ಗೋಡೆಯಲ್ಲಿ ಉದ್ದಕ್ಕೆ ಸಣ್ಣ ಗಾಡಿ ಕೊರೆದು ಫ್ಲ್ಯಾಶಿಂಗ್ (ಸಂದಿ ಮುಚ್ಚುವ ತಗಡಿನ) ಪಟ್ಟಿ ಕೂರಿಸಿ, ಅದು ತಗಡಿನ ಮೇಲೆ ಆರು ಇಂಚು ಮಲಗಲಿ.

ತಗಡು ಹಾಕಿಸುವವರು ಗಟರನ್ನು (ಸೂರಿನಡಿ ಮಳೆನೀರು ಹಿಡಿಯುವ ದೋಣಿಯನ್ನು) ಹಾಕಿಸದೆ ಬಿಡುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಈ ಚಾವಣಿ ನೆಲದ ಅಳತೆಯಲ್ಲಿ 68 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಎಂದರೂ, ಚೆಲ್ಲಿದ್ದು-ಆರಿದ್ದು ಕಳೆದು 35 ಸಾವಿರ ಲೀಟರ್ ನೀರು. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರುಗಳಲ್ಲಿ ಅದು ಚರಂಡಿ ಸೇರಬಾರದು.

ಕರೆಂಟ್ ಕಂಬದಿಂದ ಬರುವ ಸರ್ವಿಸ್ ವೈರ್ ತಗಡಿಗೆ ಎಲ್ಲಿಯೂ ತಾಗದಂತೆ ಎತ್ತರಿಸಿ ಕಟ್ಟಿಸಿ. ಗಾಳಿಗೆ ಉಜ್ಜಿ ಉಜ್ಜಿ ಅದರ ಮೇಲಿನ ಪ್ಲಾಸ್ಟಿಕ್ ಸವೆದರೆ ಇಡೀ ಚಾವಣಿಗೆ ಕರೆಂಟ್ ಹರಿಯುತ್ತದೆ, ಒಗೆದ ಬಟ್ಟೆ ಹಾಕುವ ತಂತಿ ಅದಕ್ಕೇ ಕಟ್ಟಿರುತ್ತದೆ. ಪೈಪಿನ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ. ಮೊದಲ ಮಳೆಗಾಲ ಮುಗಿದ ಮೇಲೆ, ದಸರೆಯ ಹೊತ್ತಿಗೆ, ಒಬ್ಬರನ್ನು ಹತ್ತಿಸಿ ಪ್ರತಿ ಸ್ಕ್ರೂ ನೋಡಿಸಿ. ಹತ್ತುವವರು ಸ್ಕ್ರೂಗಳ ಸಾಲಿನ ಮೇಲೆಯೇ, ಉಬ್ಬು ತುಳಿಯದೆ ತಗ್ಗಿನಲ್ಲಿ ಹೆಜ್ಜೆ ಇಡಲಿ, ಕೆಳಗೆ ಪರ್ಲಿನ್ ಇರುವುದು ಅಲ್ಲಿ ಮಾತ್ರ.