ರೈಲು ಬಾರದ ಹತ್ತು ವರ್ಷ, 57 ಸುರಂಗ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ರೈಲು ದಾರಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲೇ 57 ಸುರಂಗಗಳಿವೆ. 1979ರಲ್ಲಿ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿಯ ದಾರಿಯಾಗಿ ಶುರುವಾದದ್ದು ಇದು. ಅಗಲ ಹಳಿಯ ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ರೈಲು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಬಂದಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ವರ್ಷ ಅಷ್ಟೂ ಸುರಂಗಗಳು ಖಾಲಿ ಬಿದ್ದಿದ್ದವು. ಆ ಹತ್ತು ವರ್ಷ ಅಲ್ಲಿ ಏನಾಯಿತು ಅಂತ ಬರೆದಿಡಬೇಕು ಅನ್ನೋದು ನನ್ನ ಆಸೆ.

ನಮ್ಮ ಶಿವಮೊಗ್ಗ–ತಾಳಗುಪ್ಪ ದಾರಿಯೂ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಗಿದ್ದೇ. ಅರಸಾಳಿನ ಹಳೇ ನಿಲ್ದಾಣ ಮಾಲ್ಗುಡಿ ಮ್ಯೂಸಿಯಂ ಆಗಿ ಉಳಿದುಕೊಂಡಿದೆ, ಬಹಳ ಸಂತೋಷ. ಆದರೆ ಅಲ್ಲಿ 'ಮಾಲ್ಗುಡಿ ಡೇಸ್' ಟಿವಿ ಧಾರಾವಾಹಿ ಚಿತ್ರೀಕರಣ ಆಗಿತ್ತು, ಜನರಿಗೆ ನೆನಪಿತ್ತು. ಸುರಂಗದ ನೆನಪು ಯಾರು ಇಟ್ಟುಕೊಳ್ಳುತ್ತಾರೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಕಲೇಶಪುರದ ಘಟ್ಟದ ದಾರಿ ನೋಡೋಕೆ ಹೋಗುವವರು ಟಿಕೆಟ್ ತೆಗೆಸುವಾಗ ರೈಲಿನ ಹೊತ್ತನ್ನು ತಾವೇ ನೋಡಿಕೊಳ್ಳಿ. ಹಗಲಿನ ರೈಲೇ ಬೇಕು ಅಂತ ಬಿಡಿಸಿ ಹೇಳಿದ್ದರೂ ಒಬ್ಬ ಏಜೆಂಟ್ ನನಗೆ ರಾತ್ರಿ ರೈಲು ಮಾಡಿಕೊಟ್ಟಿದ್ದ. ಇಡೀ ಘಟ್ಟ ಕತ್ತಲಲ್ಲಿ ಹೋಯಿತು. ಸುರಂಗ ಯಾವುದು, ಕಾಡು ಯಾವುದು ಒಂದೂ ತಿಳಿಯಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ನನಗೆ ಹಿಡಿಸಲಿಲ್ಲ. ಒಳಗೆ ಎಸಿ ತಣ್ಣಗಿರುತ್ತದೆ ನಿಜ. ಆದರೆ ಸುರಂಗದ ಸದ್ದು, ಆ ಒದ್ದೆ ಕಲ್ಲಿನ ವಾಸನೆ ಯಾವುದೂ ಒಳಗೆ ಬರಲ್ಲ. ಮಾಮೂಲಿ ಬೋಗಿಯ ಕಿಟಕಿ ಪಕ್ಕದ ಸೀಟೇ ಜಾಸ್ತಿ ಚೆಂದ.

ಈ ಸಲ ಹಗಲಿನ ರೈಲು, ಮಾಮೂಲಿ ಬೋಗಿ. ಶಿವಮೊಗ್ಗದಿಂದ ಸಕಲೇಶಪುರದವರೆಗಿನ ಬಸ್ಸಿನ ದಾರಿಯಲ್ಲಿ ಹೇಳುವಂಥದ್ದೇನೂ ಇಲ್ಲ. ರೈಲು ದೋಣಿಗಲ್ ನಿಲ್ದಾಣ ದಾಟುತ್ತಿದ್ದಂತೆ ನೋಟ್‌ಬುಕ್ ತೆಗೆದೆ. ಸುರಂಗದ ಬಾಯಿಗೆ ಕಲ್ಲು ಕಟ್ಟಿದ್ದಾರಾ, ಕಾಂಕ್ರೀಟಾ, ಇಲ್ಲಾ ಬರೀ ಬಂಡೆಯಾ, ನೀರು ಸೋರುತ್ತಿದೆಯಾ ಅಂತ ಬರೆದುಕೊಳ್ಳುತ್ತಿದ್ದೆ. ಎದುರು ಸೀಟಿನಲ್ಲಿ ಕೂತಿದ್ದ ಹಿರಿಯರೊಬ್ಬರು ಸುಮಾರು ಹೊತ್ತು ನೋಡಿ ಕೇಳಿದರು.

"ಏನಪ್ಪಾ ಅದು ಬರ್ಕೊಳ್ತಾ ಇರೋದು?"

"ಸುರಂಗದ ಪಟ್ಟಿ ಮಾಡ್ತಿದೀನಿ ಯಜಮಾನ್ರೇ."

"ಬಾಯಿ ನೋಡಿದ್ರೆ ಏನ್ ಗೊತ್ತಾಗುತ್ತೆ? ಒಳಗೆ ಗೂಡು ನೋಡಿದ್ಯಾ?"

ಅವರು ಇದೇ ಘಟ್ಟದಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ನೋಡಿಕೊಳ್ಳುವ ಕೆಲಸಗಾರ ಆಗಿದ್ದವರು. ಗೂಡು ಅಂದರೆ ಸುರಂಗದ ಗೋಡೆಯಲ್ಲಿ ಕೊರೆದ, ಆಳು ನಿಲ್ಲುವಷ್ಟು ಜಾಗ. ಹಳಿ ನೋಡುತ್ತಾ ಹೋಗುವಾಗ ರೈಲು ಬಂದರೆ ಅದರೊಳಗೆ ಸೇರಿಕೊಂಡು ಗೋಡೆಗೆ ಒತ್ತಿ ನಿಲ್ಲಬೇಕು. ಮಳೆಗಾಲದ ಗಸ್ತಿಗೆ ಲ್ಯಾಂಪು, ಕೆಂಪು ಬಾವುಟ, ಪಟಾಕಿ ಕೊಡುತ್ತಿದ್ದರಂತೆ. ಮಣ್ಣು ಕುಸಿದಿದ್ದು ಕಂಡರೆ ದೂರ ಓಡಿಹೋಗಿ ಹಳಿ ಮೇಲೆ ಆ ಪಟಾಕಿ ಕಟ್ಟಬೇಕು. ಚಕ್ರ ಹತ್ತಿದ ಕೂಡಲೇ ಅದು ಸಿಡಿಯುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ.

ಮಾತಿನ ನಡುವೆ ಸುರಂಗ ಬಂದರೆ ಹುಡುಗರ ಕೂಗಾಟ ಶುರುವಾಗುತ್ತಿತ್ತು. ಹಿರಿಯರು ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬೆಳಕು ಬಂದಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು.

"ರೈಲು ನಿಂತ ಮೇಲೆ ಕೆಲಸ ಕಮ್ಮಿ ಆಯ್ತಾ?" ಅಂತ ಕೇಳಿದೆ.

"ರೈಲು ನಿಂತ್ರೆ ಮಳೆ ನಿಲ್ಲುತ್ತೇನಪ್ಪಾ?"

ಎಲೆ, ಮಣ್ಣು ತುಂಬಿ ಚರಂಡಿ ಕಟ್ಟಿಕೊಳ್ಳುತ್ತಿತ್ತಂತೆ. ಬಾವಲಿಗಳು ಬಂದು ಸೇರಿಕೊಂಡವಂತೆ. ಚಾರಣದವರು ಬೆಂಗಳೂರಿಂದ ಬಂದು ಹಳಿ ಮೇಲೆ ನಡೆದು ಯಡಕುಮೇರಿ ನಿಲ್ದಾಣದಲ್ಲಿ ಮಲಗುತ್ತಿದ್ದರು. "ಅವ್ರಿಗೆ ನಡೆಯೋದು ಖುಷಿ, ನಮಗೆ ಅದೇ ಸಂಬಳ" ಅಂದರು. ಆಮೇಲೆ ಒಂದು ಸುರಂಗ ದಾಟುವವರೆಗೆ ಸುಮ್ಮನಿದ್ದು ಹೇಳಿದರು. "ರೈಲು ಬರಲ್ಲ ಅಂತ ಗೊತ್ತಿತ್ತು ಕಣಪ್ಪಾ. ಆದ್ರೂ ಆ ಹತ್ತು ವರ್ಷ ಗೂಡಿಂದ ಗೂಡಿಗೆ ಲೆಕ್ಕ ಹಾಕ್ಕೊಂಡೇ ನಡೀತಿದ್ದೆ. ಗೂಡು ಹಿಂದೆ ಬಿತ್ತು ಅಂದ್ರೆ ಮುಂದಿನದು ಸಿಗೋವರ್ಗೂ ಎದೆ ಹೊಡ್ಕೊಳ್ಳೋದು."

ನಾನು ಪೆನ್ನು ಕೆಳಗಿಟ್ಟೆ. ಕಾಂಕ್ರೀಟು, ಬಂಡೆ ಅಂತ ಬರೆದಿದ್ದೆಲ್ಲ ಬೇರೆ ಯಾರಾದರೂ ನೋಡಿ ಬರೆಯಬಹುದು. ಈ ಭಯ ಆ ಸುರಂಗಗಳಲ್ಲಿ ನಡೆದವರಿಗೆ ಮಾತ್ರ ಗೊತ್ತು. ಅವರಲ್ಲಿ ಹಲವರು ಈಗ ನಿವೃತ್ತರು, ವಯಸ್ಸಾಗಿದೆ.

ಕಡಗರವಳ್ಳಿ ನಿಲ್ದಾಣ ದಾಟಿದ ಮೇಲೆ ಗುಡ್ಡ ಜಾರಿದ ಜಾಗ ಅಂತ ಒಂದು ಕಡೆ ತೋರಿಸಿದರು. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಕುಸಿತವಾಗಿ ರೈಲುಗಳು ನಿಂತಿದ್ದವು. "ನೀರು ಎಲ್ಲಿಂದ ಬರುತ್ತೆ ಅಂತ ಕಾಲಿಗೇ ಗೊತ್ತಿರುತ್ತೆ" ಅಂದರು. ಯಾವ ಸುರಂಗದ ಪಕ್ಕ ಯಾವ ಹಳ್ಳ ಉಕ್ಕುತ್ತದೆ ಅನ್ನೋದನ್ನ ಅವರ ಬಾಯಿಂದಲೇ ಬರೆದುಕೊಂಡೆ. ನನ್ನ ಪಟ್ಟಿಯಲ್ಲಿ ಈಗ ಅದಕ್ಕೊಂದು ಅಂಕಣ ಇದೆ.

ದಯವಿಟ್ಟು ಯಾರೂ ಈಗ ಹಳಿ ಮೇಲೆ ನಡೆದು ನೋಡೋಕೆ ಹೋಗಬೇಡಿ. ಹಾಗೆ ಹೋದರೆ ರೈಲ್ವೆ ಕಾಯ್ದೆ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲಾ ಎರಡೂ. ಅದಕ್ಕಿಂತ ಮುಖ್ಯವಾಗಿ, ಒಳಗೆ ಗೂಡು ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ಆದರೆ 1996ರಿಂದ 2006ರ ನಡುವೆ ಅಲ್ಲಿ ನಡೆದವರ ಮನೆಯಲ್ಲಿ ಹಳೇ ಫೋಟೊಗಳು ಇದ್ದೇ ಇರುತ್ತವೆ, ಅಲ್ವಾ? ಅವನ್ನು ಹುಡುಕಿ ತೆಗೆಯಿರಿ. ಯಾವ ಸುರಂಗ, ಯಾವ ತಿಂಗಳು ಅಂತ ನೆನಪಿದ್ದಷ್ಟು ಫೋಟೊದ ಹಿಂಬದಿಯಲ್ಲಿ ಬರೆದಿಡಿ. ಜೊತೆಗೆ ನಡೆದ ಗ್ಯಾಂಗ್‌ಮನ್ ಯಾರಾದರೂ ಫೋಟೊದಲ್ಲಿದ್ದರೆ ಅವರ ಹೆಸರನ್ನೂ ಬರೆಯಿರಿ.