ಉಳಿದ ಕತೆ ಅತ್ತೆ ಹೇಳಿದರು

ನಾನು ಕುಮಟಾ ಕಡೆಯವಳು. 2018ರ ಮೇ ತಿಂಗಳಲ್ಲಿ ಮದುವೆಯಾಗಿ ಶಿರಸಿ ಹತ್ತಿರದ ಈ ತೋಟದ ಮನೆಗೆ ಬಂದೆ. ಮೊದಲ ಎರಡು ತಿಂಗಳು ಅತ್ತೆಗೂ ನನಗೂ ಮಾತು ಅಷ್ಟಕ್ಕಷ್ಟೆ. ಜಗಳ ಏನೂ ಇರಲಿಲ್ಲ. ಏನು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಆ ಜುಲೈನಲ್ಲಿ ಟಿವಿಯಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಧಾರಾವಾಹಿ ಶುರುವಾಯಿತು. ಅವರ ‘ಮಾಯಾಮೃಗ’ 1998ರಲ್ಲಿ ದೂರದರ್ಶನದಲ್ಲಿ ಬರುವಾಗ ಅತ್ತೆ ಒಂದು ದಿನವೂ ತಪ್ಪಿಸದೆ ನೋಡಿದ್ದರಂತೆ. ಹಾಗಾಗಿ ಇದನ್ನು ನೋಡಲೇಬೇಕು ಅಂತ ಕೂತರು. ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿಂದ ಮಾತು ಶುರುವಾಯಿತು ನೋಡಿ. ಜಾನಕಿ ಮಾಡಿದ್ದು ಸರಿಯಾ ತಪ್ಪಾ ಅನ್ನುವುದು ಬೆಳಗ್ಗೆ ಕೊಟ್ಟಿಗೆಯಲ್ಲಿ, ಮಧ್ಯಾಹ್ನ ಪಾತ್ರೆ ತೊಳೆಯುವಾಗ ಮತ್ತೆ ಬರುತ್ತಿತ್ತು. ಕೋರ್ಟಿನ ದೃಶ್ಯ ಬಂತು ಅಂದರೆ ಅತ್ತೆ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಕರಿಕೋಟಿನ ವಕೀಲ ಸಿಎಸ್‌ಪಿ ಕೇಳುವ ಪ್ರಶ್ನೆ ಮುಗಿಯುವ ಮೊದಲೇ ಇವರು ಉತ್ತರ ಹೇಳಿಬಿಡುತ್ತಿದ್ದರು. ಅತ್ತೆ ಓದಿದ್ದು ಏಳನೇ ಇಯತ್ತೆ. ಆಗ ಏಳನೆಯ ಕೊನೆಗಿದ್ದ ಮುಲ್ಕಿ ಪರೀಕ್ಷೆ ಪಾಸಾಗಿದ್ದರು. ಮುಂದೆ ಓದಲು ಶಿರಸಿಗೆ ಕಳಿಸಲಿಲ್ಲ. ಇದನ್ನು ಅವರು ನನಗೆ ಹೇಳಿದ್ದೇ ಒಂದು ಜಾಹೀರಾತಿನ ಬ್ರೇಕಿನಲ್ಲಿ. ಧಾರಾವಾಹಿ ಇಲ್ಲದಿದ್ದರೆ ಆ ಮಾತು ಯಾವತ್ತು ಹೊರಗೆ ಬರುತ್ತಿತ್ತೋ!

2020ರ ಮಾರ್ಚ್ ಮೊದಲ ವಾರ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಲ್ವಾ, ಊರಿಗೆ ಊರೇ ಅಲ್ಲಿತ್ತು. ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಅಷ್ಟರಲ್ಲೇ ಧಾರಾವಾಹಿಗಳ ಚಿತ್ರೀಕರಣವೂ ನಿಂತಿತ್ತು. ದಿನಾ ಬರುವ ಧಾರಾವಾಹಿಗೆ ಮುಂದಿನ ಕೆಲವೇ ದಿನಗಳ ಕಂತು ಕೈಯಲ್ಲಿರುತ್ತದೆ. ಅದು ಮುಗಿದರೆ ಹಳೆಯದನ್ನೇ ಹಾಕಬೇಕು. ‘ಎಲ್ಲಾ ಸರಿಯಾದಮೇಲೆ ಬರ್ತದೆ ಅತ್ತೆ’ ಅಂತ ನಾನು ಹೇಳುತ್ತಾ ಬಂದೆ. ನಾನೂ ಹಾಗೇ ನಂಬಿದ್ದೆ.

ಬರಲಿಲ್ಲ. ಧಾರಾವಾಹಿ ಅರ್ಧಕ್ಕೇ ನಿಂತಿತು ಎಂಬ ಸುದ್ದಿ ನನ್ನವರ ಮೊಬೈಲಿಗೆ ಬಂತು. ನಾನು ಅದನ್ನು ಅತ್ತೆಗೆ ನಾಲ್ಕು ದಿನ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಐದನೇ ದಿನ ಅವರೇ ಕೇಳಿದರು. ಆಗ ಅವರು ಕವಳದ ಬಟ್ಟಲು ಮುಂದಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದರು. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಕವಳ ಬಾಯಿಗೆ ಹೋಗಬೇಕು, ಅದು ಅವರ ರೂಢಿ. ನಾನು ವಿಷಯ ಹೇಳಿದೆ. ಎಲೆ ಮಡಚದೆ ಹಾಗೇ ಬಟ್ಟಲಲ್ಲಿ ಇಟ್ಟುಬಿಟ್ಟರು. ‘ಊಟಕ್ಕೆ ಕೂತವ್ರನ್ನ ಅರ್ಧಕ್ಕೇ ಎಬ್ಸದನೇ?’ ಅಂದರು. ಅಷ್ಟೇ. ಬೆಳಗ್ಗೆ ನೋಡಿದರೆ ಎಲೆಯ ಮೇಲಿನ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು.

ಧಾರಾವಾಹಿ ನಿಂತರೆ ಇಷ್ಟೆಲ್ಲಾ ಬೇಜಾರಾ ಅಂತ ಕೆಲವರು ಕೇಳಿದರು. ಆಗಿನ ಕಾಲದಲ್ಲಿ ಜನ ಕೆಲಸ ಕಳೆದುಕೊಂಡಿದ್ದರು, ಜೀವ ಕಳೆದುಕೊಂಡಿದ್ದರು, ನಿಜ. ಆದರೆ ಎರಡು ವರ್ಷದ ಹತ್ತಿರ ದಿನಾ ಮನೆಗೆ ಬರುತ್ತಿದ್ದವರು ಒಂದು ಮಾತೂ ಹೇಳದೆ ಹೋದರೆ ಮನಸ್ಸಿಗೆ ಆಗುವುದು ಆಗುತ್ತದೆ. ಮುಗಿದ ಕತೆಯನ್ನು ಮರೆಯಬಹುದು. ಅರ್ಧ ಕತೆ ತಲೆಯಲ್ಲೇ ಕೂತಿರುತ್ತದೆ.

ನನಗೆ ಇನ್ನೊಂದು ನೋವಿತ್ತು. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡುತ್ತಾರೆ ಅಂತ ಲೆಕ್ಕ ಹಾಕುವುದು ಆಯ್ದ ಕೆಲವು ಮನೆಗಳ ಮೀಟರಿನಿಂದ. 2020ರಲ್ಲಿ ಇಡೀ ದೇಶದಲ್ಲಿ ಅಂಥ ಮನೆಗಳು ಸುಮಾರು 44,000 ಇದ್ದವು. ನಮ್ಮ ಮನೆಯಲ್ಲಿ ಆ ಮೀಟರ್ ಇಲ್ಲ. ಮಳೆಗೆ ಡಿಶ್ ಸಿಗ್ನಲ್ ಹೋದಾಗ ಕೊಡೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ ಅತ್ತೆ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಇದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

ಜೂನ್‌ನಲ್ಲಿ ಬೇರೆ ಧಾರಾವಾಹಿಗಳ ಹೊಸ ಕಂತು ಬರತೊಡಗಿದವು. ಒಂದೆರಡು ಹಾಕಿ ನೋಡಿದೆವು. ಅತ್ತೆ ಸುಮ್ನೆ ಎದ್ದು ಹೋಗುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ. ಆ ಹೊತ್ತಿಗೆ ಟಿವಿ ಹಾಕುವುದೇ ಬಿಟ್ಟೆವು. ಆದರೆ ಆ ಅರ್ಧ ಗಂಟೆ ಇಬ್ಬರೂ ಒಟ್ಟಿಗೆ ಕೂರುವುದು ಮಾತ್ರ ಬಿಡಲಿಲ್ಲ. ಒಂದು ದಿನ ಹೂಬತ್ತಿ ಮಾಡುತ್ತಾ, ಒಂದು ದಿನ ಹಲಸಿನ ಬೇಳೆ ಸುಲಿಯುತ್ತಾ.

ಡಿಸೆಂಬರಿನಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ರಾತ್ರಿ ಊಟವಾದಮೇಲೆ ಅಕ್ಕಪಕ್ಕದ ಮನೆಯವರು ಬಂದು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತರು. ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಕಿವಿ ಖಾಲಿ. ಪಕ್ಕದ ಮನೆಯ ಹುಡುಗಿ ಕೇಳಿದಳು, ‘ಅಮ್ಮಮ್ಮ, ಆ ಜಾನಕಿ ಕತೆ ಕಡೆಗೆ ಎಂತಾತು?’ ನನಗೆ ಎದೆ ಧಸಕ್ ಅಂದಿತು. ಗಾಯ ಕೆದಕಿದಳಲ್ಲ ಅನ್ನಿಸಿತು.

ಅತ್ತೆ ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು. ಸಿಪ್ಪೆ ಪಕ್ಕಕ್ಕೆ ತಳ್ಳಿದರು. ಆಮೇಲೆ ಶುರು ಮಾಡಿದರು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ! ಚಂದು ಭಾರ್ಗಿಯನ್ನು ಕಟಕಟೆಗೆ ತಂದು ನಿಲ್ಲಿಸಿದರು. ಸಿಎಸ್‌ಪಿಯ ಸವಾಲು, ಭಾರ್ಗಿಯ ಜವಾಬು, ಎರಡೂ ಅವರದೇ ಬಾಯಲ್ಲಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಹಾಗೆ ದನಿ ಏರಿಸಿದರು, ಇಳಿಸಿದರು. ಆ ಎಂಟು ತಿಂಗಳೂ ಅವರು ಕತೆಯನ್ನು ಒಳಗೊಳಗೇ ಮುಂದುವರಿಸಿಕೊಂಡು ಬಂದಿದ್ದರು ಅಂತ ನನಗೆ ಆಗಲೇ ಗೊತ್ತಾಗಿದ್ದು. ಕಡೆಗೆ ಜಾನಕಿಯೇ ಎದ್ದು ಮಾತಾಡಿದಳು. ಅವಳ ಬಾಯಲ್ಲಿ ಬಂದ ಒಂದೆರಡು ಮಾತು ಅತ್ತೆ ನನಗೆ ಆ ಬ್ರೇಕಿನಲ್ಲಿ ಹೇಳಿದ್ದ ಮಾತುಗಳೇ. ಶಾಲೆ ಬಿಟ್ಟ ದಿನದ ಮಾತುಗಳು.

ಮೆಟ್ಟುಗತ್ತಿಗಳೆಲ್ಲಾ ನಿಂತಿದ್ದವು. ನ್ಯಾಯಾಧೀಶರು ತೀರ್ಪು ಓದಲು ಕನ್ನಡಕ ಹಾಕಿಕೊಂಡರು ಅನ್ನುವಲ್ಲಿಗೆ ಅತ್ತೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು.

‘ಉಳಿದದ್ದು ನಾಳೆ ಹೇಳ್ತಿ’ ಅಂದರು. ಕವಳದ ಬಟ್ಟಲು ಹತ್ತಿರ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಿದರು.