ಮಂಡಿ ಚೀಟಿ ಕಲಿಸಿದ ಜಾಮೀನಿನ ಪಾಠ

ಕೋಲಾರದಲ್ಲಿ ವಕೀಲಿಕೆ ಆರಂಭಿಸಿ ಆಗಿನ್ನೂ ಐದು ವರ್ಷ. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಲ್ಲಿ ಮಾವಿನ ತೋಪಿನ ಬದುವಿನ ಜಗಳ ಮಚ್ಚಿನೇಟಿನವರೆಗೆ ಹೋಗಿತ್ತು. ಏಟು ತಿಂದವನ ತಾಯಿಯೇ ದೂರುದಾರರು, ಕಣ್ಣಾರೆ ಕಂಡ ಸಾಕ್ಷಿಯೂ ಅವರೇ. ಆಗ ಐಪಿಸಿ 307, ಕೊಲೆ ಯತ್ನ. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ ಕೆಲವೇ ದಿನಗಳಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗೆ ಜಾಮೀನು ಕೊಟ್ಟಿತು.

“ಹೊಡೆದವನು ಬೈಕಿನಲ್ಲಿ ಓಡಾಡುತ್ತಾನೆ, ನನ್ನ ಮಗ ಹಾಸಿಗೆಯಿಂದ ಎದ್ದಿಲ್ಲ. ಇದು ಯಾವ ನ್ಯಾಯ ಸ್ವಾಮಿ?” ಎಂದು ಆ ತಾಯಿ ನನ್ನ ಕಚೇರಿಯ ಬಾಗಿಲಲ್ಲೇ ಕೇಳಿದರು. ನನ್ನದೂ ಬಿಸಿರಕ್ತ. ಎರಡು ದಿನದಲ್ಲಿ ಜಾಮೀನು ರದ್ದು ಕೋರಿ ಹದಿನಾಲ್ಕು ಪುಟದ ಅರ್ಜಿ ಸಿದ್ಧವಾಯಿತು. ಗಾಯದ ಪ್ರಮಾಣಪತ್ರದ ಒಂದು ಸಾಲನ್ನೂ ಬಿಟ್ಟಿರಲಿಲ್ಲ.

ನ್ಯಾಯಾಧೀಶರು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ. “ಬಿಡುಗಡೆಯಾದ ಮೇಲೆ ಆತ ಏನು ಮಾಡಿದ, ವಕೀಲರೇ?”

ಅಪರಾಧ ಘೋರವಾದದ್ದು ಎಂದೆ. “ಜಾಮೀನು ಕೊಟ್ಟ ದಿನವೂ ಅದು ನನ್ನ ಮುಂದೆ ಇತ್ತಲ್ಲ” ಎಂದರು. ಅರ್ಜಿ ವಜಾ ಆಯಿತು. ಹದಿನಾಲ್ಕು ಪುಟಗಳಲ್ಲಿ ಆ ಪ್ರಶ್ನೆಗೆ ಅರ್ಧ ಸಾಲಿನ ಉತ್ತರವೂ ಇರಲಿಲ್ಲ.

ಸಂಜೆ ಸೀನಿಯರ್ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ದೌಲತ್ ರಾಮ್ ಪ್ರಕರಣ ತೆಗೆದು ಓದು ಎಂದರು. 1994ರ ನವೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು. ಜಾಮೀನು ನಿರಾಕರಿಸುವುದು ಬೇರೆ, ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಬೇರೆ. ಎರಡನೆಯದಕ್ಕೆ ಬಲವಾದ ಕಾರಣ ಬೇಕು ಎನ್ನುವುದು ಅದರ ತಿರುಳು. ಸಾಕ್ಷಿಯನ್ನು ಹೆದರಿಸುವುದು, ತನಿಖೆಗೆ ಅಡ್ಡಿಪಡಿಸುವುದು, ತಲೆಮರೆಸಿಕೊಳ್ಳುವುದು, ಷರತ್ತು ಮುರಿಯುವುದು ಇಂಥವು. ಅಪರಾಧದ ಗಾಂಭೀರ್ಯ ಜಾಮೀನು ಕೊಡುವ ಹಂತದಲ್ಲಿ ತೂಗಬೇಕಾದ ವಿಷಯ, ಅಲ್ಲಿಯೂ ಅದೊಂದೇ ಅಲ್ಲ. ಮೇಲ್ನೋಟಕ್ಕೆ ಆಧಾರವಿದೆಯೇ, ಶಿಕ್ಷೆ ಎಷ್ಟಾಗಬಹುದು, ಆರೋಪಿ ಓಡಿಹೋಗುವವನೇ, ಹಿಂದಿನ ನಡತೆ ಏನು, ಮತ್ತೆ ಅದೇ ಕೆಲಸಕ್ಕೆ ಕೈಹಾಕುವನೇ ಎಂಬುದನ್ನೆಲ್ಲ ನೋಡಬೇಕೆಂದು 2010ರ ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಪ್ರಕರಣದಲ್ಲಿ ಮಚ್ಚು ವಶವಾಗಿತ್ತು, ತನಿಖೆ ಮುಗಿದಿತ್ತು, ಆರೋಪಿಗೆ ಊರಲ್ಲಿ ಜಮೀನಿತ್ತು, ಹಳೆಯ ಕೇಸುಗಳಿರಲಿಲ್ಲ. ಇಂದು ನಾನೇ ಆರೋಪಿಯ ವಕೀಲನಾಗಿದ್ದರೂ ಇವನ್ನೇ ಹೇಳಿ ಜಾಮೀನು ಕೇಳುತ್ತಿದ್ದೆ. ಆ ತಾಯಿಯ ಮುಂದೆ ಇದನ್ನು ಒಪ್ಪಿಕೊಳ್ಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಹಾಗಾದರೆ ಜಾಮೀನಿನ ಆದೇಶವೇ ತಪ್ಪಾಗಿದ್ದರೆ? ಅದಕ್ಕೆ ದಾರಿ ಬೇರೆ. ಕೊಟ್ಟ ನ್ಯಾಯಾಲಯದ ಬಾಗಿಲಿಗೇ ಮರಳಿ, ನಿಮ್ಮ ಆದೇಶ ಸರಿಯಿಲ್ಲ ಎಂದರೆ ನಡೆಯುವುದಿಲ್ಲ. ಮೇಲಿನ ನ್ಯಾಯಾಲಯಕ್ಕೆ ಹೋಗಬೇಕು. ಮುಖ್ಯ ಸಾಕ್ಷ್ಯವನ್ನೇ ಗಮನಿಸದೆ, ಕಾರಣ ಕೊಡದೆ ಜಾಮೀನು ನೀಡಿದ್ದರೆ, ಆರೋಪಿ ಹೊರಗೆ ಬಂದು ಸಾಧುವಿನಂತೆ ಇದ್ದರೂ ಆದೇಶ ಬೀಳಬಹುದು. 2019ರ ಮಹಿಪಾಲ್ ಪ್ರಕರಣದಲ್ಲಿ ಈ ವ್ಯತ್ಯಾಸ ಬಿಡಿಸಿಟ್ಟಂತಿದೆ. 2025ರ ಆಗಸ್ಟ್ 14ರಂದು ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಮತ್ತಿತರರ ಜಾಮೀನು ಸುಪ್ರೀಂ ಕೋರ್ಟಿನಲ್ಲಿ ರದ್ದಾದಾಗ, ನ್ಯಾಯಾಲಯದ ಎದುರಿನ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಹೊರಗೆ ಬಂದು ಅಂಥದ್ದೇನು ಮಾಡಿದರು?” ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವೇ ನಿಲ್ಲುವಂಥದ್ದಲ್ಲ ಎಂಬುದು ಅಲ್ಲಿ ಮುಖ್ಯವಾಗಿತ್ತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಟೀ ಆರಿತ್ತು.

ನನ್ನ ಕಥೆಗೆ ಬರುತ್ತೇನೆ. ಅರ್ಜಿ ವಜಾ ಆದ ನಾಲ್ಕು ತಿಂಗಳಿಗೆ ಆ ತಾಯಿ ಮತ್ತೆ ಬಂದರು. ಈ ಬಾರಿ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ನೆಲದ ಮೇಲೆ ಕೂತರು. ತಂಗಿಯ ಮಗನ ಜೊತೆ ಟೊಮೆಟೊ ತೆಗೆದುಕೊಂಡು ಕೋಲಾರದ ಎಪಿಎಂಸಿಗೆ ಬಂದಿದ್ದರಂತೆ. ಹರಾಜಿನ ಗದ್ದಲದಲ್ಲಿ ಆರೋಪಿ ಪಕ್ಕಕ್ಕೆ ಬಂದು, ಕೋರ್ಟಿಗೆ ಹೋದವಳು ಮನೆಗೆ ವಾಪಸ್ ಬರುವುದಿಲ್ಲ ಎಂದನಂತೆ. ಹೇಳಿದ್ದು ತೆಲುಗಿನಲ್ಲಿ. ಠಾಣೆಗೆ ಕೊಟ್ಟ ದೂರನ್ನು ಯಾರೋ ಕನ್ನಡದಲ್ಲಿ ಬರೆದುಕೊಟ್ಟಿದ್ದರು: “ಅವಾಚ್ಯ ಶಬ್ದಗಳಿಂದ ಬೈದು ಜೀವ ಬೆದರಿಕೆ ಹಾಕಿರುತ್ತಾನೆ.” ನಮ್ಮ ಕಡೆಯ ನೂರು ದೂರುಗಳಲ್ಲಿ ತೊಂಬತ್ತರಲ್ಲಿ ಇದೇ ಸಾಲು ಇರುತ್ತದೆ. ಎಲ್ಲಿ, ಯಾವಾಗ, ಯಾವ ಮಾತು, ಯಾವುದೂ ಇಲ್ಲ. ದೂರು ಬಂದಿದೆ ಎಂದು ಪೊಲೀಸರು ಬರೆದುಕೊಟ್ಟ ಹಿಂಬರಹದ ದಿನಾಂಕವೋ ಬೆದರಿಕೆ ಹಾಕಿ ಮೂರು ದಿನ ಆದ ಮೇಲಿನದು.

“ಯಾವ ದಿನ ಅಮ್ಮಾ?” ಎಂದರೆ “ಏಕಾದಶಿಯ ಹಿಂದೆಯೋ ಮುಂದೆಯೋ” ಎಂದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಮಂಡಿ ಚೀಟಿ ತೆಗೆದರು. ಇಪ್ಪತ್ತೆರಡು ಬಾಕ್ಸ್, ದರ, ಕೂಲಿ ಕಳೆದ ಲೆಕ್ಕ, ಮೇಲೆ ನೀಲಿ ಶಾಯಿಯಲ್ಲಿ ದಿನಾಂಕ. ಬೆವರಿಗೆ ಅಂಚು ಕರಗಿದ್ದರೂ ದಿನಾಂಕ ಉಳಿದಿತ್ತು.

ಈ ಬಾರಿಯ ಅರ್ಜಿ ಮೂರೇ ಪುಟ. ಆತ ಆಡಿದ ಮಾತು ಆಡಿದ ಹಾಗೆಯೇ ತೆಲುಗಿನಲ್ಲಿ, ಕೆಳಗೆ ಕನ್ನಡದ ಅರ್ಥ, ಜೊತೆಗಿದ್ದ ಹುಡುಗನ ಅಫಿಡವಿಟ್, ಹಿಂಬರಹ, ಮಂಡಿ ಚೀಟಿ. ಸರ್ಕಾರಿ ಅಭಿಯೋಜಕರೂ ನಮ್ಮ ಜೊತೆ ನಿಂತರು. ಆ ದಿನ ತಾನು ಊರಲ್ಲೇ ಇದ್ದೆ ಎಂದು ಆರೋಪಿ ಹೇಳಿಸಿದ. ಆದರೆ ಅದೇ ದಿನ ಅದೇ ಮಂಡಿಯಲ್ಲಿ ಅವನ ಹೆಸರಿನಲ್ಲೂ ಮಾಲು ಇಳಿದಿತ್ತು.

ಜಾಮೀನು ರದ್ದಾಗಲಿಲ್ಲ. ಸಾಕ್ಷಿಗಳ ವಿಚಾರಣೆ ಮುಗಿಯುವವರೆಗೆ ಆರೋಪಿ ತಾಲ್ಲೂಕಿನೊಳಗೆ ಕಾಲಿಡಬಾರದು, ವಾರಕ್ಕೊಮ್ಮೆ ಬೇರೆ ಠಾಣೆಯಲ್ಲಿ ಸಹಿ ಹಾಕಬೇಕು, ಇನ್ನೊಂದು ದೂರು ಬಂದರೆ ಜೈಲು ಎಂದು ನ್ಯಾಯಾಧೀಶರು ಷರತ್ತು ಬಿಗಿ ಮಾಡಿದರು. ನನಗೆ ನಿರಾಸೆಯಾಯಿತು. ಆ ತಾಯಿಗೆ ಆದಂತೆ ಕಾಣಲಿಲ್ಲ. ಸಾಕ್ಷಿ ಕಟಕಟೆಯಲ್ಲಿ ಒಂದೂವರೆ ಗಂಟೆ ಪಾಟೀ ಸವಾಲಿಗೆ ನಿಂತು, ಒಂದು ಮಾತನ್ನೂ ಬದಲಿಸದೆ ಇಳಿದು ಬಂದರು.

ಹೈಕೋರ್ಟ್, ಸೆಷನ್ಸ್ ನ್ಯಾಯಾಲಯಗಳು ಜಾಮೀನು ಕೊಡುವ, ರದ್ದು ಮಾಡುವ ಅಧಿಕಾರ ಮೊದಲು ಸಿಆರ್‌ಪಿಸಿ 439ರಲ್ಲಿತ್ತು, ಈಗ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 483 ಬಂದಿದೆ. ಸಾಕ್ಷಿಗಳ ರಕ್ಷಣೆಗೆ 2018ರ ಯೋಜನೆಯೂ ಇದೆ, ಬೆದರಿಕೆ ಎಂದು ಬಂದವರಿಗೆ ಆ ಅರ್ಜಿಯನ್ನೂ ಹಾಕಿಸುತ್ತೇನೆ. ಆದರೆ ಮೊದಲು ಕೇಳುವುದು ಅಂದು ಅವರ ಕೈಯಲ್ಲಿದ್ದ ಬಸ್ ಟಿಕೆಟ್, ಔಷಧಿ ಬಿಲ್, ಮಂಡಿ ಚೀಟಿಗಳನ್ನು.

ಸಾಕ್ಷ್ಯ ಮುಗಿದ ದಿನ ಆ ತಾಯಿ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. “ಚೀಟಿ ವಾಪಸ್ ಕೊಡಿ ಸ್ವಾಮಿ, ಮಂಡಿಯವನು ಇನ್ನೂ ಎಂಟುನೂರು ಕೊಡಬೇಕು.” ನಾನು ಅಸಲನ್ನೇ ಕೋರ್ಟಿಗೆ ಸಲ್ಲಿಸಿದ್ದೆ. ಅದನ್ನು ಹಿಂಪಡೆಯಲು ಮತ್ತೊಂದು ಅರ್ಜಿ ಬರೆಯಬೇಕಾಯಿತು.